ಅಮ್ಲಪಿತ್ತವೂ ಹರಿವಾಸರವೂ

ಎದೆಯುರಿ, ಹುಳಿತೇಗುಗಳಿಂದ ಬಹುಕಾಲ ಬಳಲುತ್ತಿರುವ ಆಸ್ತಿಕರ ಮನಸ್ಸಿನಲ್ಲಿ ಪಕ್ಷಕ್ಕೊಮ್ಮೆ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಏಕಾದಶಿಯಂದು ನಿರ್ಜಲವಾಗಿದ್ದರೆ ದೇಹಪೀಡೆ; ಬಿಟ್ಟರೆ ಧರ್ಮಲೋಪದ ಭೀತಿ. ರಕ್ಷಿಸಬೇಕಾದುದು ದೇಹವನ್ನೋ, ವ್ರತವನ್ನೋ? ಈ ಎರಡನ್ನೂ ಪರಸ್ಪರ ವಿರೋಧಿಗಳೆಂದು ಭಾವಿಸಿರುವುದೇ ತೊಡಕಿಗೆ ಮೂಲವೆಂದು ನಮಗೆ ತೋರುತ್ತದೆ.

ಭಗವದ್ಗೀತೆಯ 15ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು, ತಾನೇ ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ಬಗೆಯ ಅನ್ನವನ್ನು ಪಚನಮಾಡುವೆನೆಂದು ಅರುಹಿದ್ದಾನೆ. ಪರಿಷೇಚನ ಮಾಡಿ ಪ್ರಾಣಾಹುತಿಗಳನ್ನು ಕೊಡುವಾಗ ನಾವು ಒಪ್ಪಿಕೊಳ್ಳುವುದೂ ಇದನ್ನೇ. ಹಾಗಿರುವಲ್ಲಿ ಜಠರವು ಕೇವಲ ನಮ್ಮ ಸೊತ್ತಲ್ಲ. ಹೋಮಕುಂಡಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲ ಸುರಿಯುವವನು ಹೇಗೆ ಅಪರಾಧಿಯೋ, ಅಮಿತಾಹಾರಿಯೂ ಹಾಗೆಯೇ.

ಜಠರದಲ್ಲಿ ಆಮ್ಲವಿರುವುದು ದೋಷವಲ್ಲ. ಅದು ಪಚನಕ್ಕೆ ಬೇಕಾದುದು. ಅನ್ನನಾಳವು ಜಠರವನ್ನು ಕೂಡುವಲ್ಲಿರುವ ಸ್ನಾಯುವಿನ ಬಾಗಿಲು ಸಡಿಲಗೊಂಡು ಆಮ್ಲವು ಮೇಲೇರಿದಾಗಲೇ ಉರಿ. ತನ್ನ ಸ್ಥಾನದಲ್ಲಿ ಉಪಕಾರಿಯಾದ ಅಗ್ನಿಯು ಕುಂಡವನ್ನು ಮೀರಿದರೆ ಮನೆಯನ್ನೇ ಸುಡುವಂತೆ ಇದು. ಹೊಟ್ಟೆ ಬಿರಿಯುವ ಊಟ, ಕರಿದ ತಿಂಡಿ, ಉಂಡೊಡನೆ ಮಲಗುವುದು, ಹೊಗೆಸೊಪ್ಪು, ದೇಹದ ಸ್ಥೌಲ್ಯ ಇವು ಆ ಬಾಗಿಲಿಗೆ ಶತ್ರುಗಳು; ಹಲವರಿಗೆ ಕಾಫಿಯೂ ಆಗದು. ರಾತ್ರಿಯ ಊಟಕ್ಕೂ ನಿದ್ರೆಗೂ 3 ಗಂಟೆಗಳ ಅಂತರವಿರಿಸುವುದು, ಮಂಚದ ತಲೆಭಾಗವನ್ನು 6ರಿಂದ 8 ಅಂಗುಲ ಎತ್ತರಿಸುವುದು, ಎಡಮಗ್ಗುಲಾಗಿ ಮಲಗುವುದು ಹಿತಕರ. ಜಠರದ ಎರಡು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ವಾಯುಸಂಚಾರಕ್ಕೆ ಎಂಬ ಅಷ್ಟಾಂಗಹೃದಯದ ವಿಭಾಗವನ್ನು ಪಾಲಿಸಿದರೆ ಅರ್ಧ ಚಿಕಿತ್ಸೆಯಾದಂತೆ. ನುಂಗಲು ಕಷ್ಟ, ರಕ್ತವಾಂತಿ, ಕಪ್ಪು ಮಲ, ಕಾರಣವಿಲ್ಲದೆ ದೇಹ ಕೃಶವಾಗುವುದು ಕಂಡುಬಂದರೆ ವೈದ್ಯರ ಬಳಿಗೆ ಹೋಗಲು ತಡಮಾಡಬಾರದು. ಎದೆನೋವು ತೋಳಿಗೋ ದವಡೆಗೋ ಹರಡಿದರೆ ಅದನ್ನು ಪಿತ್ತವೆಂದು ಕಡೆಗಣಿಸದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಇನ್ನು ವ್ರತದ ಮಾತು. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಯ ಮಹಿಮೆಯನ್ನು ಎಷ್ಟು ಎತ್ತಿ ಹಿಡಿದಿರುವರೆಂಬುದು ಸರ್ವವಿದಿತ. ಶಕ್ತನಾದವನಿಗೆ ಅಲ್ಲಿ ರಿಯಾಯಿತಿಯ ಮಾತಿಲ್ಲ. ಆದರೆ ವ್ರತಕ್ಕೆ ಭಂಗತಾರದ ಎಂಟರಲ್ಲಿ ನೀರು, ಹಾಲು, ಫಲಗಳೊಡನೆ ಗುರುವಾಕ್ಯವನ್ನೂ ಔಷಧವನ್ನೂ ಮಹಾಭಾರತವು ಎಣಿಸಿದೆ. ಬರಿಹೊಟ್ಟೆಯಲ್ಲಿ ಕೆಲವರಿಗೆ ಉರಿ ಹೆಚ್ಚುವುದು. ಕೆಲವರಿಗೆ ಉಪವಾಸದಂದೇ ಹಾಯೆನಿಸುವುದು. ಆದಕಾರಣ ಒಬ್ಬರ ಅನುಭವ ಮತ್ತೊಬ್ಬರಿಗೆ ಪ್ರಮಾಣವಾಗದು. ದೇಹಸ್ಥಿತಿಯನ್ನು ವೈದ್ಯರಿಂದಲೂ ಅನುಷ್ಠಾನಕ್ರಮವನ್ನು ಗುರುಹಿರಿಯರಿಂದಲೂ ತಿಳಿದು ನಡೆಯುವುದು ಯುಕ್ತ. ವೈದ್ಯರು ವಿಧಿಸಿದ ಮಾತ್ರೆಯನ್ನು ಅಂದು ತಾನಾಗಿಯೇ ಬಿಡುವುದು ಭಕ್ತಿಯಲ್ಲ.

ನಿಜವಾದ ಪರೀಕ್ಷೆ ಇರುವುದು ಇಲ್ಲಿ: ಅಶಕ್ತಿ ಎಲ್ಲಿ ಮುಗಿಯುತ್ತದೆ, ಜಿಹ್ವಾಚಾಪಲ್ಯ ಎಲ್ಲಿ ಆರಂಭವಾಗುತ್ತದೆ? ಪಿತ್ತದ ನೆಪದಿಂದ ಉಪವಾಸ ಬಿಟ್ಟು, ಫಲಾಹಾರವೆಂಬ ಹೆಸರಿನಲ್ಲಿ ಸಾಬೂದಾನಿ ವಡೆಯನ್ನೂ ಎರಡು ಲೋಟ ಕಾಫಿಯನ್ನೂ ಸೇವಿಸುವವನು ಅಶಕ್ತನೆನ್ನಲು ಬಾರದು. ವ್ರತವೂ ಹೋಯಿತು, ರೋಗವೂ ಬೆಳೆಯಿತು. ದಶಮಿಯ ಏಕಭುಕ್ತದಲ್ಲಿ ಎರಡು ಹೊತ್ತಿನ ಊಟವನ್ನು ಒಂದೇ ಎಲೆಯಲ್ಲಿ ತೀರಿಸುವವರೂ, ದ್ವಾದಶಿಯ ಪ್ರಾತಃಕಾಲ ಬರಿದಾದ ಜಠರಕ್ಕೆ ಗೊಜ್ಜು, ಬಜ್ಜಿಗಳನ್ನು ತುಂಬುವವರೂ ಉಂಟು. ಪಾರಣೆಗೆ ಮೆತ್ತಗಿನ ಅನ್ನ, ಹೆಸರುಬೇಳೆಯ ತೊವ್ವೆ, ತುಸು ತುಪ್ಪ ಸಾಕು. ದ್ವಾದಶಿಯಂದು ಹಗಲುನಿದ್ರೆ ನಿಷಿದ್ಧವಷ್ಟೆ. ಉಂಡೊಡನೆ ಮಲಗಬೇಡಿರೆಂದು ವೈದ್ಯರು ಹೇಳುವುದೂ ಅದನ್ನೇ. ಶಾಕವ್ರತದ ತಿಂಗಳಲ್ಲಿ ಹುಣಿಸೆ, ಮೆಣಸಿನಕಾಯಿಗಳನ್ನು ಬಿಡುವ ನಾಲಿಗೆಗೆ ಉಳಿದ ತಿಂಗಳುಗಳಲ್ಲಿ ಅವನ್ನು ತಗ್ಗಿಸುವುದು ಅಸಾಧ್ಯವೇನಲ್ಲ.

ಈ ವಿಚಾರಣೆಯನ್ನು ಪ್ರತಿಯೊಬ್ಬರೂ ತಮ್ಮ ವಿಷಯದಲ್ಲಿ ಮಾತ್ರ ಕಠಿನವಾಗಿ ನಡೆಸಬೇಕು. ಇತರರ ವಿಷಯದಲ್ಲಿ ಅವರ ಮಾತನ್ನು ನಂಬುವುದೇ ಧರ್ಮ. ಉರಿಯನ್ನು ನುಂಗಿಕೊಂಡೇ ಒಲೆಯ ಮುಂದೆ ನಿಲ್ಲುವ ಸೊಸೆಯಂದಿರು, ನಾಲ್ಕು ಜನರ ಮಾತಿಗೆ ಅಂಜಿ ಮಾತ್ರೆಯನ್ನು ಮರೆಯಲ್ಲಿ ನುಂಗುವ ವೃದ್ಧರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರನ್ನು ಹಾಗೆ ಮಾಡಿಸಿದ ಪಾಪದ ಪಾಲು ನೋಡಿ ನಗುವವರಿಗೂ ಸಲ್ಲುತ್ತದೆ. ಸಂತರ್ಪಣೆಯಲ್ಲಿ ಸಾಕೆಂದವರ ಎಲೆಗೆ ಒತ್ತಾಯದಿಂದ ಬಡಿಸುವುದೂ ಆತಿಥ್ಯವಲ್ಲ.

ಉಪವಾಸವೆಂದರೆ ಭಗವಂತನ ಸಮೀಪದಲ್ಲಿ ವಾಸ. ಒಂದು ಲೋಟ ಹಾಲು ಕುಡಿದ ರೋಗಿ ಅಂದು ಹರಿಕಥಾಶ್ರವಣದಲ್ಲಿ ಮಗ್ನನಾಗಿರಬಹುದು; ನಿರ್ಜಲನಾದ ಆರೋಗ್ಯವಂತನು ಮರುದಿನದ ಅಡುಗೆಯನ್ನೇ ಧ್ಯಾನಿಸುತ್ತಿರಬಹುದು. ಸಮೀಪದಲ್ಲಿ ವಾಸಮಾಡಿದವರಾರೆಂಬುದನ್ನು ಅಂತರ್ಯಾಮಿಯು ಬಲ್ಲನು. ಹದಿನೈದು ದಿನಕ್ಕೊಮ್ಮೆ ಬರುವ ವ್ರತಕ್ಕೆ ದಿನದಿನದ ಮಿತಾಹಾರವೇ ಪೂರ್ವಾಂಗವೆಂದು ತಿಳಿದು ನಡೆಯುವಂತೆ ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಹರಿಯು ನಮ್ಮೆಲ್ಲರನ್ನು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು