ಬಾಡಿಗೆಯ ಮನೆ ಮತ್ತು ಯಜಮಾನಿಕೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಮ್ಮ ಹಿರಿಯರು ಅನುಭವದಿಂದಲೇ ಆಡಿರಬೇಕು. ಆದರೆ ಅವರಲ್ಲಿ ಹೆಚ್ಚಿನವರು ಕಟ್ಟಿದ ಮನೆಯಲ್ಲಿ ತಾವೇ ವಾಸಮಾಡಿದವರು. ಅದನ್ನು ಪರರಿಗೆ ಬಾಡಿಗೆಗೆ ಕೊಟ್ಟು ನೋಡಿದ್ದರೆ ಆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿದ್ದಿತೆಂದು ನನಗೆ ತೋರುತ್ತದೆ. ಮನೆ ಕಟ್ಟುವಾಗ ಪರೀಕ್ಷೆಗೆ ಗುರಿಯಾಗುವುದು ಗೃಹಸ್ಥನ ಹಣ. ಮದುವೆಯಲ್ಲಿ ಅವನ ತಾಳ್ಮೆ. ಬಾಡಿಗೆಗೆ ಕೊಟ್ಟಾಗ ಅವನ ಶೀಲವೇ ಪರೀಕ್ಷೆಗೆ ಗುರಿಯಾಗುತ್ತದೆ.

ಬಾಡಿಗೆಯೆಂದರೇನು? ಮನೆಯ ಯಜಮಾನನು ಮಾರುವುದೇನನ್ನು, ಒಕ್ಕಲು ಬಂದವನು ಕೊಳ್ಳುವುದೇನನ್ನು? ಅವರಿಬ್ಬರಲ್ಲಿ ಯಾರು ಯಾರಿಗೆ ಎಷ್ಟರಮಟ್ಟಿಗೆ ಋಣಿಗಳು? ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ. ಬೀದಿಗಟ್ಟಲೆ ಕಟ್ಟಡಗಳನ್ನು ಕಟ್ಟಿ ವ್ಯಾಪಾರಮಾಡುವ ಧನಿಕರ ವಿಷಯ ಇಲ್ಲಿ ಪ್ರಸ್ತುತವಲ್ಲ. ನಿವೃತ್ತಿಯ ಹಣದಿಂದಲೋ, ಒಡವೆ ಮಾರಿಯೋ, ಸಾಲಮಾಡಿಯೋ ಒಂದೆರಡು ಬಿಡಾರಗಳನ್ನು ಕಟ್ಟಿಸಿ, ಅದರ ಬಾಡಿಗೆಯಿಂದ ಮುಪ್ಪನ್ನು ಸಾಗಿಸುವವರ ವಿಷಯವೇ ಇಲ್ಲಿಯದು. ಅಂಥವರಲ್ಲಿ ನಾನೂ ಒಬ್ಬನು.

ಮೊದಲು ನನ್ನ ಲೆಕ್ಕವನ್ನೇ ಮುಂದಿಡುತ್ತೇನೆ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದಾಗ ಕೈಗೆ ಬಂದ ಹಣದಲ್ಲಿ 20 ಲಕ್ಷ ರೂಪಾಯಿಗಳನ್ನು ವೆಚ್ಚಮಾಡಿ, ತಂದೆಯವರು ಬಿಟ್ಟುಹೋದ ತುಮಕೂರಿನ ಮನೆಯ ಮೇಲೆ 2016ರಲ್ಲಿ ಎರಡು ಚಿಕ್ಕ ಬಿಡಾರಗಳನ್ನು ಕಟ್ಟಿಸಿದೆನು. ಒಂದೊಂದಕ್ಕೆ ತಿಂಗಳಿಗೆ 6,000 ರೂಪಾಯಿಯಂತೆ ವರ್ಷಕ್ಕೆ 1,44,000 ಬರಬೇಕು. ಅದರಲ್ಲಿ ಕಂದಾಯ, ಕೊಳವೆಬಾವಿಯ ಮೋಟಾರಿನ ರಿಪೇರಿ, ಸೋರುವ ತಾರಸಿ, ಒಕ್ಕಲು ಬದಲಾದಾಗಲೆಲ್ಲ ಸುಣ್ಣಬಣ್ಣ, ಬೀಗ ಬಿದ್ದ ತಿಂಗಳುಗಳ ನಷ್ಟ, ಇವಿಷ್ಟನ್ನು ಕಳೆದರೆ ಉಳಿಯುತ್ತಿದ್ದುದು ಸುಮಾರು 1,15,000. ಅದೇ ಹಣವನ್ನು ನೂರಕ್ಕೆ ಏಳರಂತೆ ಬ್ಯಾಂಕಿನಲ್ಲಿಟ್ಟಿದ್ದರೆ 1,40,000 ಬರುತ್ತಿದ್ದಿತು. ಅರ್ಧರಾತ್ರಿಯಲ್ಲಿ ನಲ್ಲಿ ಒಡೆಯಿತೆಂದು ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ನೆಲದ ಬೆಲೆ ಏರುವುದಲ್ಲಾ ಎನ್ನುವರು. ನೆಲ ನಮ್ಮಲ್ಲಿ ಮೊದಲೇ ಇದ್ದಿತು. ಮಹಡಿಯಾದರೋ ವರ್ಷಕ್ಕೆ ವರ್ಷಕ್ಕೆ ಹಳತಾಗುವ ವಸ್ತು.

ಹಾಗಾದರೆ ಈ ವ್ಯಾಪಾರದಲ್ಲಿ ನನ್ನನ್ನು ಹಿಡಿದಿಟ್ಟುದು ಏನು? ಬಹುಕಾಲ ಯೋಚಿಸಿದ ಮೇಲೆ ಲಜ್ಜೆಯಿಂದ ಒಪ್ಪಿಕೊಳ್ಳಬೇಕಾದ ಉತ್ತರ ದೊರೆಯಿತು. ಕಡಮೆಯಾದ ಆ 25,000 ರೂಪಾಯಿಗಳನ್ನು ನಾನು ಬೇರೆ ನಾಣ್ಯದಲ್ಲಿ ವಸೂಲುಮಾಡುತ್ತಿದ್ದೆನು. ಆ ನಾಣ್ಯದ ಹೆಸರು ಯಜಮಾನಿಕೆ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಹಾಕುವುದು, ಬಂದ ನೆಂಟರು ಎಷ್ಟು ದಿನ ಇರುವರೆಂದು ಕೇಳುವುದು, ನೀರು ಹೆಚ್ಚು ಖರ್ಚಾಯಿತೆಂದು ಗೊಣಗುವುದು, ಗೋಡೆಗೆ ಮೊಳೆ ಹೊಡೆದ ಸದ್ದಿಗೆ ಮೇಲೇರಿ ಹೋಗುವುದು ಇವೆಲ್ಲವೂ ಕರಾರುಪತ್ರದಲ್ಲಿ ಬರೆಯದ ಬಾಡಿಗೆಯೇ. ಸಣ್ಣ ಯಜಮಾನನಿಗೆ ಈ ಪ್ರಲೋಭನವು ದೊಡ್ಡ ಯಜಮಾನನಿಗಿಂತ ಹೆಚ್ಚು. ದೊಡ್ಡವನಿಗೆ ಒಕ್ಕಲಿನವರ ಮುಖಪರಿಚಯವೂ ಇರಲಾರದು; ಸಣ್ಣವನಾದರೋ ಅವರ ಒಗ್ಗರಣೆಯ ವಾಸನೆಯನ್ನೂ ಬಲ್ಲವನು.

ಒಂದು ದಿನ ಮೇಲಿನ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿಸಿತು. ಗಂಡಹೆಂಡಿರಿಬ್ಬರೂ ಹೊರಗೆ ಹೋಗಿದ್ದುದನ್ನು ನೋಡಿದ್ದೆನಾದುದರಿಂದ, ನನ್ನಲ್ಲಿದ್ದ ಎರಡನೆಯ ಬೀಗದ ಕೈಯಿಂದ ಬಾಗಿಲು ತೆಗೆದು ಒಳಹೊಕ್ಕೆನು. ಜ್ವರದಿಂದ ಶಾಲೆಗೆ ಹೋಗದೆ ಮಲಗಿದ್ದ ಅವರ ಮಗಳು ಬೆಚ್ಚಿ ಎದ್ದು, ಗೋಡೆಗೆ ಒರಗಿ, ಕೈಕಟ್ಟಿ ನಿಂತುಕೊಂಡು, "ಅಪ್ಪ ಇಲ್ಲ ಸಾರ್" ಎಂದಳು. ತರಗತಿಯಲ್ಲಿ ತಪ್ಪುಮಾಡಿದ ಮಕ್ಕಳು ಹಾಗೆ ನಿಲ್ಲುವುದನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ಈ ಹುಡುಗಿ ತನ್ನ ಮನೆಯಲ್ಲಿಯೇ ಹಾಗೆ ನಿಂತಿದ್ದಳು. ನಲ್ಲಿಯನ್ನು ತಿರುಗಿಸಿ ಕೆಳಗಿಳಿದು ಬಂದೆನು; ಸಂಜೆ ಆ ಎರಡನೆಯ ಬೀಗದ ಕೈಯನ್ನೂ ಅವಳ ತಂದೆಗೆ ಕೊಟ್ಟುಬಿಟ್ಟೆನು.

ಅಂದು ನನಗೆ ತಿಳಿದುದಿಷ್ಟು. ಬಾಡಿಗೆಯ ಹಣಕ್ಕೆ ನಾನು ಮಾರಿದುದು ಇಟ್ಟಿಗೆ ಗಾರೆಗಳನ್ನಲ್ಲ. ಆ ಬಾಗಿಲನ್ನು ಕೇಳದೆ ದಾಟುವ ನನ್ನ ಹಕ್ಕನ್ನು. ಕಟ್ಟಡವು ನನ್ನದು, ಮನೆ ಅವರದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣವೂ ಈ ಅಭಿಪ್ರಾಯವನ್ನೇ ಹೇಳುತ್ತದೆ: ಬಾಡಿಗೆಯನ್ನು ಸಲ್ಲಿಸಿ ಕರಾರಿನಂತೆ ನಡೆಯುವವನು ಅವಧಿ ಮುಗಿಯುವವರೆಗೆ ಯಾವ ಅಡ್ಡಿಯೂ ಇಲ್ಲದೆ ಸ್ವತ್ತನ್ನು ಅನುಭವಿಸಬಹುದು, ಬಿಟ್ಟುಹೋಗುವಾಗ ಅದನ್ನು ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸಬೇಕಾದರೂ, ಸಹಜವಾದ ಬಳಕೆಯಿಂದಾದ ಸವಕಳಿಗೆ ಅವನು ಹೊಣೆಯಲ್ಲ.

ವಾಚಕರಲ್ಲಿ ಮನೆಯುಳ್ಳವರು ಇಲ್ಲಿ ನನ್ನನ್ನು ತಡೆದು, "ಒಕ್ಕಲಿನವರೆಲ್ಲ ಸಾಧುಗಳೋ?" ಎಂದು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದೇ. ನನ್ನ ಪರಿಚಯದ ವಿಧವೆಯೊಬ್ಬರ ಮನೆಯಲ್ಲಿ ಇದ್ದವನು ಹನ್ನೊಂದು ತಿಂಗಳು ಬಾಡಿಗೆ ಕೊಡಲಿಲ್ಲ. ಕೊಟ್ಟಿದ್ದ ಮುಂಗಡವು ಅದರಲ್ಲಿಯೇ ಕರಗಿತು. ಆ ತಾಯಿ ಔಷಧಕ್ಕೆ ಸಾಲಮಾಡಿದರು. ಬಾಡಿಗೆಯನ್ನು ನಿಯಂತ್ರಿಸಿ ಒಕ್ಕಲೆಬ್ಬಿಸುವುದನ್ನು ಬಿಗಿಗೊಳಿಸಿದ 1961ರ ಕಾಯಿದೆಯ ಕಾಲದಲ್ಲಿ ತಮ್ಮ ಮನೆಗಾಗಿ ತಾವೇ ನ್ಯಾಯಾಲಯಕ್ಕೆ ಅಲೆದವರ ಕಥೆಗಳು ಪ್ರತಿಯೊಂದು ಊರಿನಲ್ಲಿಯೂ ಉಂಟು. ಅನಂತರದ 1999ರ ಕಾಯಿದೆಯು ಬೆಂಗಳೂರಿನಂತಹ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಳನ್ನೂ ಇತರ ಕಡೆ 2,000 ರೂಪಾಯಿಗಳನ್ನೂ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಒಂದು ಕಾಲದಲ್ಲಿ ಒಕ್ಕಲಿನ ಕಡೆಗೆ ವಾಲಿದ್ದ ತಕ್ಕಡಿ ಹೀಗೆ ಮತ್ತೊಂದು ಕಡೆಗೆ ವಾಲಿತು.

ತಕ್ಕಡಿಯನ್ನು ಸಮವಾಗಿ ಹಿಡಿಯುವುದು ಹೇಗೆಂಬುದನ್ನು ಪ್ರಾಚೀನರು ಅರಿಯದವರಲ್ಲ. ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆಬಾಡಿಗೆಯ ವಿಚಾರ ಬರುತ್ತದೆ. ಬಿಡೆಂದರೂ ಬಿಡದೆ ಮನೆಯಲ್ಲಿ ಉಳಿಯುವವನಿಗೆ 12 ಪಣಗಳ ದಂಡ. ಬಾಡಿಗೆ ಸಲ್ಲಿಸಿದವನನ್ನು ಹೊರಗಟ್ಟುವ ಯಜಮಾನನಿಗೂ ಅದೇ 12 ಪಣಗಳ ದಂಡ. ಒಕ್ಕಲಿನವನು ಕಳವು, ಬೈಗುಳು ಮುಂತಾದ ಅಪರಾಧಗಳನ್ನು ಮಾಡಿದ್ದರೆ ಮಾತ್ರ ಯಜಮಾನನಿಗೆ ವಿನಾಯಿತಿ. ದಂಡವು ಇಬ್ಬರಿಗೂ ಒಂದೇ ಆಗಿರುವುದನ್ನು ಗಮನಿಸಬೇಕು. ಮತ್ತೊಬ್ಬರ ಸ್ವತ್ತನ್ನು ಹಿಡಿದುಕೊಳ್ಳುವುದು ಎಷ್ಟು ದೊಡ್ಡ ತಪ್ಪೋ, ಮತ್ತೊಬ್ಬರ ವಾಸವನ್ನು ಕೆಡಿಸುವುದೂ ಅಷ್ಟೇ ದೊಡ್ಡ ತಪ್ಪು.

ಈ ಸಮತೆಯು ಮೊದಲು ಮುರಿಯುವುದು ಮನೆಯ ಹೊಸ್ತಿಲಿನಲ್ಲಿಯೇ. ಬಾಡಿಗೆಯ ಫಲಕವನ್ನು ನೋಡಿ ಬಂದವರನ್ನು ನಾವು "ತಾವು ಯಾವ ಜನ?" ಎಂದು ನಗುಮುಖದಿಂದ ಕೇಳುತ್ತೇವೆ; ಉತ್ತರವು ರುಚಿಸದಿದ್ದರೆ ಮನೆ ನಿನ್ನೆಯೇ ಹೋಯಿತೆನ್ನುತ್ತೇವೆ. ಈ ಮಾತು ಯಾವ ಕಾಗದದ ಮೇಲೂ ಇರುವುದಿಲ್ಲವಾದುದರಿಂದ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಬೀಳದಿರುವುದರಿಂದಲೇ ಅದು ಧರ್ಮಕ್ಕೆ ಸೇರಿದ ಪ್ರಶ್ನೆ. ಬಂದವನು ಬಾಡಿಗೆ ಕೊಡಬಲ್ಲನೇ, ನೆರೆಹೊರೆಗೆ ಉಪದ್ರವಮಾಡದೆ ಇರಬಲ್ಲನೇ ಎಂದು ವಿಚಾರಿಸುವುದು ಯಜಮಾನನ ಹಕ್ಕು. ಅವನ ಹುಟ್ಟನ್ನು ವಿಚಾರಿಸುವುದರಿಂದ ಗೋಡೆಗಳಿಗೆ ಯಾವ ರಕ್ಷಣೆಯೂ ದೊರೆಯದು. ರಕ್ಷಣೆ ದೊರೆಯುವುದು ನಮ್ಮ ಹಮ್ಮಿಗೆ. ನಾನೂ ಆ ಪ್ರಶ್ನೆಯನ್ನು ಕೇಳಿದವನೇ. ಗೇಟಿನಿಂದ ಹಿಂದಿರುಗಿದವರ ಬೆನ್ನನ್ನು ನೋಡಿದವನೇ.

ಎರಡನೆಯದು ಮುಂಗಡದ ಹಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲ ನಡೆಯಿತು; ಕೇಂದ್ರ ಸರ್ಕಾರವು 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಕಾಯಿದೆಯು ವಾಸದ ಮನೆಗಳಿಗೆ ಎರಡು ತಿಂಗಳೆಂಬ ಮಿತಿಯನ್ನು ಸೂಚಿಸಿತು. ಇದಕ್ಕಿಂತಲೂ ಅಪಾಯಕರವಾದುದು ಭೋಗ್ಯದ ಪದ್ಧತಿ. ಐದಾರು ಲಕ್ಷವನ್ನು ಒಮ್ಮೆಗೇ ಪಡೆದು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಮನೆಯನ್ನು ಬಿಟ್ಟುಕೊಟ್ಟು, ಅವಧಿ ತೀರಿದಾಗ ಅಷ್ಟನ್ನೂ ಹಿಂದಿರುಗಿಸಬೇಕೆಂಬುದು ಇದರ ನಿಯಮ. ಹಣವು ಮಗಳ ಮದುವೆಗೋ ಮತ್ತೊಂದು ಮಹಡಿಗೋ ಹೋಗಿರುತ್ತದೆ. ಅವಧಿ ತೀರಿದ ದಿನ ಯಜಮಾನನು ಹಳಬನಿಗೆ ಕೊಡಲು ಹೊಸಬನನ್ನು ಹುಡುಕುತ್ತ ಓಡಾಡುತ್ತಾನೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರನೆಂಬ ಗಾದೆಯು ಆಗ ನಿಜವಾಗುತ್ತದೆ. ಪರರ ಹಣವು ನಮ್ಮ ಪೆಟ್ಟಿಗೆಯಲ್ಲಿರುವ ಮಾತ್ರಕ್ಕೆ ನಮ್ಮದಾಗದು. ಪರರ ಮನೆಯಲ್ಲಿ ವಾಸವಿರುವ ಮಾತ್ರಕ್ಕೆ ಅದು ನಮ್ಮದಾಗದಿರುವಂತೆಯೇ ಇದು.

ಇನ್ನು ಎಲ್ಲಕ್ಕಿಂತ ಕಠಿನವಾದುದು ದಯೆಯ ಪ್ರಶ್ನೆ. 2020ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿದಾಗ, ಕೂಲಿಕಾರರಿಂದ ಒಂದು ತಿಂಗಳು ಬಾಡಿಗೆ ಕೇಳಕೂಡದೆಂದು ಕೇಂದ್ರದ ಗೃಹಖಾತೆಯು ಅದೇ ತಿಂಗಳ 29ರಂದು ಆಜ್ಞೆಮಾಡಿತು. ನನ್ನ ಮೇಲಿನ ಮನೆಯವರು, ಎಂದರೆ ಆ ಹುಡುಗಿಯ ತಂದೆ, ಹೊಲಿಗೆಯಂಗಡಿಯವರು. ಅಂಗಡಿ ಮುಚ್ಚಿತು, ಮೂರು ತಿಂಗಳು ಬಾಡಿಗೆ ನಿಂತಿತು. ನಾನು ಒಂದು ತಿಂಗಳದನ್ನು ಕಂತುಗಳಲ್ಲಿ ಪಡೆದು, ಎರಡು ತಿಂಗಳದನ್ನು ಬಿಟ್ಟುಬಿಟ್ಟೆನು. ಊರಿನಲ್ಲಿ ನಾಲ್ವರು ಮೆಚ್ಚಿದರು. ನಾನೂ ನನ್ನನ್ನು ಮೆಚ್ಚಿಕೊಂಡೆನು.

ಆದರೆ ಬಿಟ್ಟುಕೊಟ್ಟ ಆ 12,000 ರೂಪಾಯಿಗಳನ್ನು ನನ್ನ ಮನಸ್ಸು ಬಿಟ್ಟಿರಲಿಲ್ಲ. ಅವರು ಎದುರಿಗೆ ಸಿಕ್ಕಾಗ ಮೊದಲಿಗಿಂತ ಹೆಚ್ಚು ವಿನಯದಿಂದ ನಮಸ್ಕರಿಸುವರೇ ಎಂದು ನೋಡುತ್ತಿದ್ದೆನು. ಅವರು ಹಳೆಯ ಸ್ಕೂಟರೊಂದನ್ನು ಕೊಂಡ ದಿನ ನನಗೆ ಅಸಮಾಧಾನವಾಯಿತು. ಹಬ್ಬದಲ್ಲಿ ಹೊಸ ಬಟ್ಟೆ ಕಂಡರೂ ಮನಸ್ಸು ಲೆಕ್ಕಹಾಕುತ್ತಿದ್ದಿತು. ಬಾಡಿಗೆ ತಪ್ಪಿದ ಯಜಮಾನನಿಗೆ ನ್ಯಾಯಾಲಯವುಂಟು. ಕೃತಜ್ಞತೆಯನ್ನು ಬಾಕಿಯಿಟ್ಟುಕೊಂಡ ಯಜಮಾನನಿಗೆ ತನ್ನ ಕಿಟಕಿಯೇ ನ್ಯಾಯಾಲಯ. ವಾದಿಯೂ ಅವನೇ, ನ್ಯಾಯಾಧೀಶನೂ ಅವನೇ.

2023ರಲ್ಲಿ ಅವರು ತಮ್ಮ ಊರಿಗೆ ಹಿಂದಿರುಗಲು ಮನೆ ಬಿಟ್ಟರು. ಗೋಡೆಯಲ್ಲಿ ಮೊಳೆಯ ತೂತುಗಳೂ ಅಡಿಗೆಮನೆಯಲ್ಲಿ ಹೊಗೆಯ ಕಲೆಗಳೂ ಇದ್ದವು. ಏಳು ವರ್ಷ ಮನುಷ್ಯರು ವಾಸಿಸಿದ ಮನೆ ಮತ್ತೆ ಹೇಗಿರಬೇಕು? ಏನನ್ನೂ ಮುರಿದುಕೊಳ್ಳದೆ ಮುಂಗಡವನ್ನು ಕೈಗಿತ್ತೆನು. ಅವರು ಅದನ್ನು ಎಣಿಸಿ, ಅದರಲ್ಲಿ 12,000ವನ್ನು ಬೇರೆ ತೆಗೆದು ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಇದು ಆ ಎರಡು ತಿಂಗಳದು. ನೀವು ಕೇಳಲಿಲ್ಲ, ನನಗೆ ಮರೆತಿರಲಿಲ್ಲ" ಎಂದರು.

ಬೇಡವೆನ್ನಬೇಕೆಂದು ನಾಲಗೆಯ ತುದಿಗೆ ಬಂದಿತು. ಬೇಡವೆಂದಿದ್ದರೆ ಮತ್ತೊಮ್ಮೆ ಉದಾರಿಯೆನಿಸಿಕೊಳ್ಳುತ್ತಿದ್ದೆನು. ಅವರು ಮಾತ್ರ ಋಣಿಯಾಗಿಯೇ ಊರಿಗೆ ಹೋಗಬೇಕಾಗುತ್ತಿದ್ದಿತು. ಮೂರು ವರ್ಷ ಅವರಿಂದ ನಮಸ್ಕಾರದ ಬಡ್ಡಿಯನ್ನು ಪಡೆದವನು ಅಸಲನ್ನು ನಿರಾಕರಿಸುವುದು ಔದಾರ್ಯವಲ್ಲ, ವ್ಯಾಜ್ಯವನ್ನು ಮುಗಿಸಲು ಮನಸ್ಸಿಲ್ಲದಿರುವುದು. ಹಣವನ್ನು ತೆಗೆದುಕೊಂಡೆನು. ಅವರು ನೆಟ್ಟಗೆ ನಿಂತು ಕೈಮುಗಿದರು; ನಾನೂ ಎದ್ದು ನಿಂತು ಕೈಮುಗಿದೆನು.

ದಯೆ ತೋರಬಾರದೆಂದು ಇದರ ಅರ್ಥವಲ್ಲ. ಕಷ್ಟದಲ್ಲಿರುವವನಿಗೆ ಗಡುವು ಕೊಡಬೇಕಾದರೆ ಕೊಡೋಣ, ಬಿಡಬೇಕಾದರೆ ಬಿಡೋಣ. ಆದರೆ ಬಿಟ್ಟುದನ್ನು ಮನಸ್ಸಿನ ಪುಸ್ತಕದಿಂದಲೂ ಹೊಡೆದುಹಾಕುವ ಶಕ್ತಿ ನಮಗುಂಟೇ ಎಂದು ಮೊದಲು ನೋಡಿಕೊಳ್ಳೋಣ. ಇಲ್ಲವಾದರೆ ಸಾಲವೆಂದೇ ಹೇಳಿ ಕಾಗದದಲ್ಲಿ ಬರೆದುಕೊಳ್ಳುವುದು ಹೆಚ್ಚು ಪ್ರಾಮಾಣಿಕವಾದುದು. ತಿಂಗಳ ಬಾಡಿಗೆಯನ್ನು ನಿಷ್ಠುರವಾಗಿಯಾದರೂ ಕೇಳಿ ಪಡೆಯುವುದರಲ್ಲಿ ಅಧರ್ಮವಿಲ್ಲ; ಅದು ಮುದುಕರ ಔಷಧ, ವಿಧವೆಯರ ಅನ್ನ. ಆ ಬಾಡಿಗೆಯ ಮೇಲೆ ಮತ್ತೊಂದು ಬಾಡಿಗೆಯನ್ನು ಪರರ ಆತ್ಮಗೌರವದಿಂದ ಕೀಳುವುದೇ ಅಧರ್ಮ. ಹಣದ ಲೆಕ್ಕವನ್ನು ತಿಂಗಳಿಗೊಮ್ಮೆ ನೋಡುವ ನಾವು ಈ ಎರಡನೆಯ ಲೆಕ್ಕವನ್ನೂ ಆಗಾಗ ತೆಗೆದು ನೋಡಿಕೊಳ್ಳುವುದು ಶ್ರೇಯಸ್ಕರ.