ಹತ್ತಿರದ ಓದುಗ, ದೂರದ ಓದುಗ

ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಹೊರಗಿನವರು ಯಾರೂ ಓದುವುದಿಲ್ಲ ಎಂಬುದು ಬಹುಕಾಲ ನಮಗೊಂದು ಸಮಾಧಾನವಾಗಿತ್ತು. ಪ್ರಿನ್ಸಿಪಾಲರ ಭಾವಚಿತ್ರ, ಸಂಘಗಳ ವರದಿ, ಬಹುಮಾನ ಪಡೆದವರ ಪಟ್ಟಿ, ನಾಲ್ಕಾರು ಕವನ. ಇವುಗಳ ನಡುವೆ ತನ್ನ ಹೆಸರೆಲ್ಲಿದೆಯೆಂದು ಹುಡುಕಿ, ಸಿಕ್ಕಮೇಲೆ ಮುಚ್ಚಿಡುವ ಪುಸ್ತಕ ಅದು. ಈಗ ಹಾಗಲ್ಲ. ಅಚ್ಚಿನ ಮಸಿ ಆರುವ ಮೊದಲೇ ಅದು ಮೊಬೈಲುಗಳನ್ನೇರಿ ಊರೂರು ಸುತ್ತುತ್ತದೆ. ಆದ್ದರಿಂದ ಸಂಪಾದಕ ಸಮಿತಿಯ ಹುಡುಗರು ಕೇಳುತ್ತಾರೆ: “ಸಾರ್, ನಮ್ಮ ಹಾಸ್ಟೆಲಿನ ನೀರಿನ ಕಥೆ ಹೊರಗಿನವರಿಗೆ ಯಾಕೆ? ಎಲ್ಲರಿಗೂ ಹಿಡಿಸುವಂಥದ್ದನ್ನು ಬರೆಯೋಣ.” ಪ್ರಶ್ನೆ ಸಣ್ಣದಲ್ಲ. ಬರೆಯುವವನು ಯಾರಿಗೆ ಋಣಿ? ಪಕ್ಕದ ಬೆಂಚಿನವನಿಗೋ, ತಾನೆಂದೂ ಕಾಣದವನಿಗೋ?

ತೊಡಕು ಹಳೆಯದು. ಪಂಪನು ಕ್ರಿ.ಶ. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನು ಬರೆದಾಗ ಎದುರಿಗೆ ಅರಿಕೇಸರಿಯಿದ್ದ. ಅರ್ಜುನನಲ್ಲಿ ಆ ಅರಸನ ಮುಖ ಕಾಣಿಸಬೇಕಿತ್ತು. ಇಂದು ತರಗತಿಯಲ್ಲಿ ಅರಿಕೇಸರಿಯ ಬಿರುದುಗಳಿಗೆ ನಾನು ಟಿಪ್ಪಣಿ ಕೊಡಬೇಕು, ಕರ್ಣನಿಗೆ ಬೇಕಿಲ್ಲ. ಹಾಗಾದರೆ ಹತ್ತಿರದವನನ್ನು ಬಿಟ್ಟು ಲೋಕಕ್ಕೇ ಬರೆಯಬೇಕೆನ್ನೋಣವೆ? ನಾನು ಒಪ್ಪೆ. ಬಿರುದುಗಳು ಹಳತಾದದ್ದು ಅರಸ ಹತ್ತಿರದವನೆಂದಲ್ಲ, ಅವು ಹೊಗಳಿಕೆಯೆಂದು. ಅದೇ ಕಾವ್ಯದಲ್ಲಿ ಬರುವ ಬನವಾಸಿಯೂ ಒಂದು ಮೂಲೆಯ ನಾಡೇ. ಆ ನಾಡನ್ನು ಕಣ್ಣಿಂದ ಕಾಣದ ವಿದ್ಯಾರ್ಥಿಗೂ ಆ ಹಂಬಲ ತಾನಾಗಿ ಮುಟ್ಟುತ್ತದೆ.

ಕಾಲೇಜಿನ ಅಂಗಳದಿಂದ ನಾಡಿಗೆ ಹೋದ ಪತ್ರಿಕೆಯೂ ನಮ್ಮಲ್ಲಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ, ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹೊರಟ ‘ಪ್ರಬುದ್ಧ ಕರ್ಣಾಟಕ’ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು. ಅದರ ದಾರಿ ವಿದ್ವತ್ತಿನದು; ನಮ್ಮ ಹುಡುಗರ ಕಷ್ಟ ಬೇರೆ.

ಆ ನೀರಿನ ಲೇಖನವನ್ನೇ ನೋಡಿ. ಮೊದಲ ಕರಡಿನಲ್ಲಿ ಹುಡುಗ ಬರೆದಿದ್ದ: ಮೇಲಂತಸ್ತಿನ ನಲ್ಲಿಗೆ ಬೆಳಗ್ಗೆ ಐದರಿಂದ ಆರೂವರೆ, ಆಮೇಲೆ ಬಕೆಟ್ಟು ಹಿಡಿದು ಕೆಳಗಿಳಿಯಬೇಕು, ಇಳಿಯಲಾರದ, ಕಾಲು ಸರಿಯಿಲ್ಲದ ಗೆಳೆಯನಿಗೆ ಸರದಿಯ ಮೇಲೆ ಹೊತ್ತುಕೊಡುತ್ತಾರೆ. ಹೊರಗಿನವರೂ ಓದುತ್ತಾರೆಂದು ತಿಳಿದ ಮೇಲೆ ತಿದ್ದಿ ತಂದ. ಹೊಸ ಶೀರ್ಷಿಕೆ, ‘ಭಾರತದ ವಿದ್ಯಾರ್ಥಿ ಜೀವನದ ದುಃಸ್ಥಿತಿ’. ನಲ್ಲಿ ಹೋಗಿತ್ತು, ಬಕೆಟ್ಟು ಹೋಗಿತ್ತು, ಗೆಳೆಯನೂ ಹೋಗಿದ್ದ. ಉಳಿದದ್ದು ‘ವ್ಯವಸ್ಥೆ’, ‘ಸಮಾಜ’. ಹೊಸ ಕರಡಿನಲ್ಲಿ ಅವನು ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ‘ಆರೂವರೆ’ ಎಂದು ಬರೆದರೆ ಹಾಸ್ಟೆಲಿನವರು ಮರುದಿನವೇ “ಆರೂಕಾಲಯ್ಯ!” ಎಂದು ಹಿಡಿಯುತ್ತಾರೆ, ವಾರ್ಡನ್ನರು ಎದುರು ಸಿಗುತ್ತಾರೆ. ದೂರದ ಓದುಗ ಪಾಪ, ಏನು ಹೇಳಿದರೂ ನಂಬಬೇಕು. ಅವನಿಗೆ ಬೇಕಾದದ್ದು ಸ್ವಲ್ಪ ವಿವರಣೆ, ಅಷ್ಟೆ. ಮೇಲಂತಸ್ತು ಎಷ್ಟು ಮೆಟ್ಟಿಲೆಂದು ಒಂದು ಮಾತು ಹೇಳಿದರೆ ಬಕೆಟ್ಟಿನ ಭಾರ ಅವನ ಕೈಗೂ ಬರುತ್ತದೆ.

ಹತ್ತಿರದ ಓದುಗ ಸಾಧುವೆಂದೇನೂ ನನ್ನ ವಾದವಲ್ಲ. ಅವನಿಗೆ ತನ್ನ ಭಾವಚಿತ್ರ ಬೇಕು, ಮುಜುಗರದ ಸಂಗತಿ ಬೇಡ. (ಈ ವಿಷಯದಲ್ಲಿ ಅಧ್ಯಾಪಕರು ಅರಿಕೇಸರಿಗೇನೂ ಕಡಮೆಯಲ್ಲ.) ಹೊರಗಿನವರ ಕಣ್ಣು ಬಿದ್ದರೆ ಈ ಚಪಲಕ್ಕೆ ತುಸು ಕಡಿವಾಣ ಬೀಳುವುದು ಒಳ್ಳೆಯದೇ.

ಆದರೆ ಕಾಲೇಜಿನೊಳಗೆ ಪ್ರೀತಿಯಾಗಿರುವುದು ಗೇಟು ದಾಟಿದೊಡನೆ ಅಪಹಾಸ್ಯವಾಗುವುದೂ ಉಂಟು. ಒಬ್ಬ ವಿದ್ಯಾರ್ಥಿನಿ ಹಾಸ್ಟೆಲಿನ ಅಡಿಗೆಯವರ ಮೇಲೆ ಸೊಗಸಾದ ಪ್ರಬಂಧ ಬರೆದಳು: ಅವರ ಗೊಣಗಾಟ, ತಡವಾಗಿ ಬಂದವರಿಗೆ ಬೈಯುತ್ತಲೇ ಎತ್ತಿಟ್ಟ ಸಾರು, ಸಕ್ಕರೆ ಡಬ್ಬಕ್ಕೆ ಹಾಕುವ ಎರಡು ಬೀಗ. ನಾವೆಲ್ಲ ನಕ್ಕೆವು, ಆ ಸಾರು ಉಂಡವರು ನಾವು. ಉಣ್ಣದವನು ನಗುವುದು ಬೀಗಕ್ಕೆ ಮಾತ್ರ. ಅಚ್ಚಿಗೆ ಕೊಡುವ ಮೊದಲು ಅವರಿಗೇ ಓದಿ ತೋರಿಸು ಎಂದೆ. ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಓದಿದಳು. ಅವರು ಪೂರ್ತಿ ಕೇಳಿದರಂತೆ.

“ಬೀಗ ಎರಡಲ್ಲಮ್ಮ, ಒಂದೇ. ನನ್ನ ಹೆಸರು ಹಾಕು, ಅಡ್ಡಿಯಿಲ್ಲ. ಊರಿನ ಹೆಸರು ಬೇಡ. ಮಗಳಿಗೆ ಗಂಡು ನೋಡ್ತಾ ಇದೀವಿ.”

ಪ್ರಬಂಧದ ಅತ್ಯಂತ ಒಳ್ಳೆಯ ಪ್ಯಾರಾ ಆ ಊರಿನದೇ ಆಗಿತ್ತು. ಅವಳು ಅದನ್ನು ಹೊಡೆದುಹಾಕಿ, ಬೀಗವನ್ನು ಒಂದು ಮಾಡಿ, ಮುಖ ಚಿಕ್ಕದು ಮಾಡಿಕೊಂಡು ನನ್ನ ಮೇಜಿನ ಮೇಲಿಟ್ಟು ಹೋದಳು.