ಇಂದಿನ ಧಮ್ಮ ಚಿಂತನೆ: ಪ್ರತಿಭೆ ರಕ್ತದಲ್ಲಿ ಬರುತ್ತದೆಯೇ?



ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವನು. ಬರ್ನೌಲಿ ತತ್ವದ ಪಾಠ ಬಂದಾಗಲೆಲ್ಲ ಎರಡು ಹಾಳೆಗಳನ್ನು ಹತ್ತಿರ ಹಿಡಿದು ನಡುವೆ ಊದಿ ತೋರಿಸುತ್ತೇನೆ. ಹಾಳೆಗಳು ದೂರ ಸರಿಯುವುದಿಲ್ಲ, ಹತ್ತಿರ ಬರುತ್ತವೆ. ಪಕ್ಕದ ತರಗತಿಯಲ್ಲಿ ಗಣಿತದ ಮೇಷ್ಟ್ರು ಸಂಭವನೀಯತೆ ಕಲಿಸುತ್ತ ‘ಬರ್ನೌಲಿ ಪ್ರಯೋಗ’ ಎನ್ನುತ್ತಾರೆ. ಎರಡೂ ಒಬ್ಬನದೇ ಎಂದು ಮಕ್ಕಳು ತಿಳಿಯುತ್ತಾರೆ. ಅಲ್ಲ. ತತ್ವ ಡೇನಿಯಲ್‌ನದು, ಪ್ರಯೋಗ ಅವನ ದೊಡ್ಡಪ್ಪ ಯಾಕೋಬ್‌ನದು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನ ಆ ಮನೆತನದಲ್ಲಿ ಮೂರು ತಲೆಮಾರಿಗೆ ಎಂಟು ಮಂದಿ ಗಣಿತಜ್ಞರು. ಅಲ್ಲಿನ ವಿಶ್ವವಿದ್ಯಾಲಯದ ಗಣಿತ ಪೀಠ 1687ರಿಂದ 1790ರವರೆಗೆ ಅಣ್ಣ, ತಮ್ಮ, ತಮ್ಮನ ಮಗ ಎಂದು ಮನೆಯೊಳಗೇ ಉಳಿಯಿತು.

‘ನೋಡಿ ಸಾರ್, ಅದೆಲ್ಲ ರಕ್ತದಲ್ಲೇ ಬರಬೇಕು.’ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ಒಬ್ಬರು ಹೀಗೆ ಹೇಳಿದ್ದರು. ಯಾರನ್ನು ಕುರಿತು ಹೇಳಿದ್ದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಇದು ಅವರೊಬ್ಬರ ಮಾತೇನಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಪ್ರತಿಭೆ ವಂಶದಿಂದ ಬರುತ್ತದೆಂದು ಸಾಧಿಸಲು 1869ರಲ್ಲಿ ಪುಸ್ತಕ ಬರೆದು, ಈ ಬರ್ನೌಲಿಗಳನ್ನೂ ಸಾಕ್ಷಿಗೆ ಕರೆದಿದ್ದ. ಯುಜೆನಿಕ್ಸ್ ಎಂಬ ಪದ ಹುಟ್ಟಿಸಿದವನೂ ಅವನೇ. ಆ ಶಾಸ್ತ್ರದ ಹೆಸರಿನಲ್ಲಿ ಜಾತಿಯನ್ನು ಸಮರ್ಥಿಸುವವರಿಗೆ ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಉತ್ತರ ಕೊಟ್ಟಿದ್ದಾರೆ.

ಆದರೂ ಪ್ರಶ್ನೆಯನ್ನು ಹಾಗೇ ತಳ್ಳಿಹಾಕಬಾರದು. ಒಂದೇ ಮನೆಯಲ್ಲಿ ಎಂಟು ಜನ ಹೇಗೆ?

ಮನೆಯೊಳಗೆ ಹೋಗಿ ನೋಡೋಣ. ಯಾಕೋಬ್‌ನ ತಂದೆ ಸಂಬಾರ ಪದಾರ್ಥದ ವ್ಯಾಪಾರಿ. ಮಗ ಧರ್ಮಶಾಸ್ತ್ರ ಓದಲಿ ಎಂಬುದು ಅವನ ಹಟ. ಮಗ ಗಣಿತ ಕಲಿತ. ತಮ್ಮ ಯೋಹಾನ್‌ಗೆ ಮನೆಯಲ್ಲಿ ಗಣಿತ ಹೇಳಿಕೊಟ್ಟವನು ಈ ಅಣ್ಣ. ಯೋಹಾನ್ ತನ್ನ ಮಗ ಡೇನಿಯಲ್‌ನನ್ನು ವ್ಯಾಪಾರಕ್ಕೆ, ಆಮೇಲೆ ವೈದ್ಯಕ್ಕೆ ದೂಡಿದ. ಅವನಿಗೂ ಗಣಿತ ದಕ್ಕಿದ್ದು ಅಣ್ಣನಿಂದ, ಅಪ್ಪನಿಂದ. ಅಪ್ಪಂದಿರು ತಡೆದರೂ ರಕ್ತ ಗೆದ್ದಿತು ಎಂದು ಗಾಲ್ಟನ್‌ನ ಕಡೆಯವರು ಹೇಳಬಹುದು. ನನಗೆ ಕಾಣುವುದು ಬೇರೆ. ಅಪ್ಪ ಬೇಡವೆಂದರೂ ಪುಸ್ತಕವಿತ್ತು, ಹೊಟ್ಟೆಗಿತ್ತು, ಕಲಿಸುವ ಅಣ್ಣನಿದ್ದ. ನಮ್ಮ ಅಜ್ಜಂದಿರ ಮನೆಯಲ್ಲಿ ಈ ಮೂರರಲ್ಲಿ ಒಂದಾದರೂ ಇತ್ತೇ? ಹುಟ್ಟಿನಿಂದ ಏನೂ ಬರುವುದೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ರಕ್ತವೂ ಪುಸ್ತಕವೂ ಒಂದೇ ಸೂರಿನಡಿ ಇದ್ದಾಗ, ಕೆಲಸ ಮಾಡಿದ್ದು ರಕ್ತವೇ ಎಂದು ಹೇಗೆ ಹೇಳುತ್ತೀರಿ?

ಬೇರೆ ಮಾಡಿ ನೋಡಲು ಒಂದು ಉದಾಹರಣೆ ಅದೇ ಊರಿನಲ್ಲಿದೆ. ಪಾದ್ರಿಯ ಮಗ ಲಿಯೊನಾರ್ಡ್ ಆಯ್ಲರ್. ಬರ್ನೌಲಿ ರಕ್ತ ಒಂದು ಹನಿಯೂ ಇಲ್ಲ. ತಾನೇ ಓದಿಕೊಂಡು ಬಾ, ಅರ್ಥವಾಗದ್ದನ್ನು ಶನಿವಾರ ಮಧ್ಯಾಹ್ನ ಬಂದು ಕೇಳು ಎಂದು ಯೋಹಾನ್ ಅವನಿಗೆ ಸಮಯ ಕೊಟ್ಟ. ಆ ಹುಡುಗ ಎಂಟು ಬರ್ನೌಲಿಗಳನ್ನೂ ಮೀರಿಸಿ ಬೆಳೆದ.

ವಾಸೆಟ್ಠ ಸುತ್ತದಲ್ಲಿ ಭಗವಾನರು ಹೇಳಿದ್ದು ನೆನಪಿಸಿಕೊಳ್ಳಿ. ಹುಲ್ಲು, ಹುಳ, ಹಕ್ಕಿಗಳಲ್ಲಿ ಜಾತಿ ಜಾತಿಗೆ ಗುರುತಿದೆ. ಮನುಷ್ಯರಲ್ಲಿ ಹಾಗೆ ಹುಟ್ಟಿನ ಗುರುತಿಲ್ಲ. ರೈತ ರೈತನಾಗುವುದು ಮಾಡುವ ಕೆಲಸದಿಂದ.

ಇನ್ನು ಹೆಸರಿನ ವಿಷಯ. ಇದೇ ಯೋಹಾನ್‌ಗೆ ಹೊರಗಿನ ಹುಡುಗನ ಮೇಲೆ ಇದ್ದ ಔದಾರ್ಯ ಸ್ವಂತ ಮಗನ ಮೇಲಿರಲಿಲ್ಲ. ಪ್ಯಾರಿಸ್ ಅಕಾಡೆಮಿಯ 1734ರ ಬಹುಮಾನವನ್ನು ಅಪ್ಪ ಮಗನಿಗೆ ಹಂಚಿದಾಗ ಅಪ್ಪ ಕುದಿದುಹೋದ. 1738ರಲ್ಲಿ ಡೇನಿಯಲ್‌ನ ‘ಹೈಡ್ರೊಡೈನಮಿಕಾ’ ಅಚ್ಚಾದ ಮೇಲೆ ಅಪ್ಪ ಅದೇ ವಿಷಯದ ಪುಸ್ತಕ ತಂದು, ಅದಕ್ಕೆ 1732 ಎಂದು ಹಿಂದಿನ ಇಸವಿ ಹಾಕಿದ. ಹೆಸರಿನ ತಣ್ಹಾ ಅಪ್ಪನಿಂದ ಮಗನ ಮನೆಗೇ ಕನ್ನ ಹಾಕಿಸಿತು. ಇಂದು ತತ್ವಕ್ಕೆ ಇರುವ ಹೆಸರು ಬರೀ ‘ಬರ್ನೌಲಿ’. ಅಪ್ಪನದೋ ಮಗನದೋ ಮಕ್ಕಳು ಕೇಳುವುದೂ ಇಲ್ಲ!

ನಾಗಸೇನ ಎಂಬುದು ಕರೆಯಲು ಒಂದು ಹೆಸರು ಮಾತ್ರ, ಒಳಗೆ ಬೇರೊಬ್ಬನಿಲ್ಲ ಎಂದು ಭಂತೆ ನಾಗಸೇನರು ಮಿಲಿಂದನಿಗೆ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ‘ಹೆಸರಲ್ಲೇನಿದೆ ಬಿಡಿ’ ಎಂದು ನಮಗೆ ಉಪದೇಶ ಮಾಡುವವರನ್ನು ಒಪ್ಪುವುದಿಲ್ಲ. ಶೂದ್ರನ ಹೆಸರು ಹೇಸಿಗೆ ತರುವಂತಿರಬೇಕು ಎಂದು ಮನುಸ್ಮೃತಿ ವಿಧಿಸಿತು. ತಿಪ್ಪ, ಕರಿಯ ಎಂದು ಕರೆಸಿಕೊಂಡೇ ಸತ್ತವರ ಮೊಮ್ಮಕ್ಕಳು ನಾವು. ಹೆಸರನ್ನು ಬಿಡಬೇಕಾದರೆ ಮೊದಲು ಅದು ಕೈಯಲ್ಲಿರಬೇಕು. ಮಗನಿಗೆ ಸಿದ್ಧಾರ್ಥ, ಮಗಳಿಗೆ ಸುಜಾತಾ ಎಂದು ಹೆಸರಿಡುವುದು ತಣ್ಹಾ ಅಲ್ಲ.

ನನಗೆ ಮಾತ್ರ ಆ ಮನೆತನದ ತತ್ವ, ಪ್ರಯೋಗಗಳಿಗಿಂತ ಹೆಸರೇ ಇಲ್ಲದ ಆ ಶನಿವಾರದ ಮಧ್ಯಾಹ್ನಗಳ ಮೇಲೆ ಆಸೆ. ನಮ್ಮ ಬುದ್ಧ ವಿಹಾರದಲ್ಲಿ ಶನಿವಾರ ನಾಲ್ಕು ಗಂಟೆಯಿಂದ ನಾನಿರುತ್ತೇನೆ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳಿದ್ದರೆ ಕಳುಹಿಸಿ. ಅರ್ಥವಾಗದ ಲೆಕ್ಕಗಳಿಗೆ ಗುರುತು ಹಾಕಿಕೊಂಡು ಬರಲಿ.

ಭವತು ಸಬ್ಬ ಮಂಗಲಂ.